ವಸ್ತುಗಳ ದಾರ್ಢ್ಯವೂ ಬಿರುಕಿನ ಚರಿತ್ರೆಯೂ

ವೈಶಾಖದ ಬಿಸಿಲಿನಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲ್ಲೂಕುಗಳಲ್ಲಿ ಸಂಚಾರಮಾಡಿದವರಿಗೆ ಅಲ್ಲಿನ ಎರೆಯ ಹೊಲಗಳ ನೋಟವು ಮರೆಯತಕ್ಕುದಲ್ಲ. ಮಳೆಗಾಲದಲ್ಲಿ ಕಾಲಿಗೆ ಮೆತ್ತಿಕೊಂಡು ಹೆಜ್ಜೆಯನ್ನೇ ಕೀಳಗೊಡದಿದ್ದ ಆ ಕರಿಯ ಮಣ್ಣು ಬೇಸಗೆಯಲ್ಲಿ ಒಣಗಿ, ಕುಗ್ಗಿ, ತೋಳು ಇಳಿಯುವಷ್ಟು ಆಳವಾಗಿ ಬಾಯ್ದೆರೆದಿರುತ್ತದೆ. ಒಂದು ಹೆಂಟೆಯನ್ನು ಕೈಗೆತ್ತಿಕೊಂಡು ನೋಡಿದರೆ ಅದು ಕಲ್ಲಿನಂತೆ ಗಟ್ಟಿ. ಒಡೆಯಬೇಕಾದರೆ ಕೊಡತಿಯೇ ಬೇಕು. ಆದರೆ ಅಷ್ಟು ಗಟ್ಟಿಯಾದ ಹೆಂಟೆಗಳಿಂದ ಕೂಡಿದ ಹೊಲವು ಸಾವಿರ ತುಂಡಾಗಿ ಬಿದ್ದಿರುತ್ತದೆ. ಅಂಶವು ಬಲಿಷ್ಠ, ಸಮಗ್ರವು ದುರ್ಬಲ. ಇವೆರಡರ ನಡುವೆ ಇರುವುದು ಬಿರುಕು.

ಈಚೆಗೆ ಈ ನಾಲ್ಕು ತಾಲ್ಲೂಕುಗಳನ್ನು ವಿಂಗಡಿಸಿ ಚಡಚಣ, ದೇವರ ಹಿಪ್ಪರಗಿ, ತಾಳಿಕೋಟೆ, ನಿಡಗುಂದಿ ಮೊದಲಾದ ಹೊಸ ತಾಲ್ಲೂಕುಗಳನ್ನು ಮಾಡಿರುವರು. ನಾವು ಇಲ್ಲಿ ಹಳೆಯ ಮೇರೆಯನ್ನೇ ಹಿಡಿದು ಮಾತನಾಡುತ್ತೇವೆ. ನಮ್ಮ ಇಂದಿನ ವಿಷಯವು ವ್ಯವಸಾಯವೂ ಅಲ್ಲ, ಭೂಗೋಳವೂ ಅಲ್ಲ. ಕಲ್ಲು, ಕಬ್ಬಿಣ, ಗಾಜು ಮೊದಲಾದ ಘನವಸ್ತುಗಳು ಎಷ್ಟರ ಮಟ್ಟಿಗೆ ಬಲವಾಗಿರಲು ಸಾಧ್ಯ, ವಾಸ್ತವವಾಗಿ ಎಷ್ಟರ ಮಟ್ಟಿಗೆ ಬಲವಾಗಿವೆ, ಇವೆರಡರ ಅಂತರವನ್ನು ಮನುಷ್ಯನು ಹೇಗೆ ಕಂಡುಕೊಂಡನು ಎಂಬ ಚರಿತ್ರೆಯನ್ನು ಸ್ವಲ್ಪದರಲ್ಲಿ ನಿವೇದಿಸುವುದು ನಮ್ಮ ಉದ್ದೇಶ. ಆ ಚರಿತ್ರೆಯ ಕೆಲವು ಪುಟಗಳು ಈ ಸೀಮೆಯ ನೆಲದ ಮೇಲೆಯೇ ಬರೆದಿಟ್ಟಂತಿವೆ.

ಮೊದಲು ಲೆಕ್ಕವನ್ನು ನೋಡೋಣ. ಅಡ್ಡಲಾಗಿ ಕತ್ತರಿಸಿದಾಗ ಒಂದು ಚದರ ಮಿಲಿಮೀಟರಿನಷ್ಟು ಮೈಯುಳ್ಳ ಒಂದು ಕಬ್ಬಿಣದ ತಂತಿಯನ್ನು ತೊಲೆಗೆ ಕಟ್ಟಿ ತೂಗಬಿಟ್ಟು ಕೆಳತುದಿಗೆ ಭಾರವನ್ನು ಸೇರಿಸುತ್ತ ಹೋದೆವೆನ್ನಿ. ಕಟ್ಟಡಗಳಲ್ಲಿ ಉಪಯೋಗಿಸುವ ಸಾಮಾನ್ಯ ಉಕ್ಕಾದರೆ ಸುಮಾರು 40 ಕಿಲೋಗ್ರಾಂ ಭಾರಕ್ಕೆ ಹರಿದುಹೋಗುವುದು. ಸಿಂದಗಿಯ ಸಂತೆಗೆ ಬರುವ ಜೋಳದ ಚೀಲದ ಅರ್ಧವೂ ಅಲ್ಲ. ಇನ್ನು ಅದೇ ತಂತಿಯನ್ನು ಪರಮಾಣುಗಳ ದೃಷ್ಟಿಯಿಂದ ವಿಚಾರಿಸಿರಿ. ಕಬ್ಬಿಣದ ಪರಮಾಣುಗಳು ಒಂದು ಮಿಲಿಮೀಟರಿನ ಉದ್ದದಲ್ಲಿ ಸುಮಾರು 40 ಲಕ್ಷದಷ್ಟು ಒತ್ತೊತ್ತಾಗಿ ಕುಳಿತಿವೆ. ಒಂದೊಂದು ಪರಮಾಣುವೂ ಪಕ್ಕದ ಪರಮಾಣುವನ್ನು ಬಿಗಿಯಾಗಿ ಹಿಡಿದಿದೆ. ಆ ಹಿಡಿತವನ್ನು ಸ್ವಲ್ಪ ಸಡಿಲಿಸಲು ಎಷ್ಟು ಬಲ ಬೇಕೆಂಬುದು ತಂತಿ ಹಿಗ್ಗುವ ಪ್ರಮಾಣದಿಂದ ತಿಳಿದಿದೆ. ಪೂರ್ತಿಯಾಗಿ ಬಿಡಿಸಲು ಎಷ್ಟು ಬೇಕೆಂಬುದನ್ನು ಅದರಿಂದ ಊಹಿಸಬಹುದು. ಹೀಗೆ ಲೆಕ್ಕಹಾಕಿದರೆ ಅದೇ ತಂತಿಯು 2,000 ಕಿಲೋಗ್ರಾಂ, ಎಂದರೆ ಇಪ್ಪತ್ತು ಚೀಲ ಜೋಳವನ್ನು ಹೊರಬೇಕು! ಈ ಲೆಕ್ಕದ ಮೊತ್ತಕ್ಕೆ ವಸ್ತುವಿನ ಸೈದ್ಧಾಂತಿಕ ಪರಮ ದಾರ್ಢ್ಯವೆಂದು ಹೆಸರು. ಇಪ್ಪತ್ತು ಚೀಲವನ್ನು ಹೊರಬೇಕಾದುದು ಅರ್ಧ ಚೀಲಕ್ಕೆ ಹರಿಯುವುದೆಂದರೆ ಉಳಿದ ಹತ್ತೊಂಬತ್ತೂವರೆ ಚೀಲದ ಬಲವು ಎಲ್ಲಿ ಹೋಯಿತು?

ಪರಮಾಣುಗಳ ಮಾತು ಈಚಿನದು, ಪ್ರಶ್ನೆಯು ಹಳೆಯದು. ಇಟಲಿಯ ಗೆಲಿಲಿಯೋ ತನ್ನ ವೃದ್ಧಾಪ್ಯದಲ್ಲಿ, ಗೃಹಬಂಧನದಲ್ಲಿದ್ದಾಗ, ವಸ್ತುಗಳು ಮುರಿಯುವ ಬಗೆಯನ್ನು ಶಾಸ್ತ್ರರೂಪವಾಗಿ ವಿಚಾರಿಸಿದನು. ಆ ಗ್ರಂಥವು 1638ರಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ ಅಚ್ಚಾಯಿತು. ಅದರಲ್ಲಿ ಒಂದು ಸ್ವಾರಸ್ಯವಾದ ಪ್ರಸಂಗವಿದೆ. ದೊಡ್ಡದೊಂದು ಅಮೃತಶಿಲೆಯ ಕಂಬವನ್ನು ನೆಲದ ಮೇಲೆ ಎರಡು ತೊಲೆಗಳ ಆಧಾರದಿಂದ ಮಲಗಿಸಿದ್ದರಂತೆ. ನಡುವೆ ಮುರಿದೀತೆಂಬ ಭಯದಿಂದ ಒಬ್ಬನು ಮಧ್ಯದಲ್ಲಿ ಮೂರನೆಯ ಆಧಾರವನ್ನೂ ಕೊಡಿಸಿದನು. ಕೆಲವು ತಿಂಗಳ ಮೇಲೆ ನೋಡಿದರೆ ಕಂಬವು ಸರಿಯಾಗಿ ಆ ಹೊಸ ಆಧಾರದ ಮೇಲೆಯೇ ಮುರಿದಿದ್ದಿತು. ತುದಿಯ ಆಧಾರಗಳಲ್ಲೊಂದು ಕೊಳೆತು ಕುಸಿಯಲಾಗಿ, ಗಟ್ಟಿಯಾದ ನಡುವಿನ ಆಧಾರದಿಂದ ಆಚೆಗೆ ಅರ್ಧ ಕಂಬವು ನಿರಾಧಾರವಾಗಿ ಚಾಚಿಕೊಂಡಿತು. ಕಲ್ಲಿನ ಮೇಲ್ಮೈ ಸೆಳೆತಕ್ಕೆ ಒಳಗಾಗಿ ಸೀಳಿತು. ಉಪಕಾರವೆಂದು ಕೊಟ್ಟ ಆಧಾರವೇ ಅಪಕಾರವಾಯಿತು.

ಕಲ್ಲಿನ ಗುಟ್ಟೆಲ್ಲ ಈ ಪ್ರಸಂಗದಲ್ಲಿ ಅಡಗಿದೆ. ಕಲ್ಲು ಒತ್ತನ್ನು ತಾಳುವುದು, ಸೆಳೆತವನ್ನು ತಾಳದು. ಅದರ ಸೆಳೆತದ ಬಲವು ಒತ್ತಿನ ಬಲದ ಹತ್ತನೆಯ ಒಂದು ಪಾಲು, ಕೆಲವೆಡೆ ಇನ್ನೂ ಕಡಿಮೆ. ನೆಟ್ಟಗೆ ನಿಲ್ಲಿಸಿದ ಕಂಬಕ್ಕೆ ಅಪಾಯವಿಲ್ಲ. ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ, ಕ್ರಿ. ಶ. 945ರ, ಶಿಲಾಸ್ತಂಭ ಶಾಸನವಿದ್ದಿತೆಂಬುದು ಚರಿತ್ರೆ ಓದಿದವರಿಗೆ ತಿಳಿದ ವಿಷಯ. ಅಲ್ಲಿನ ವಿದ್ಯಾಶಾಲೆಗೂ ವಿದ್ಯಾರ್ಥಿಗಳ ವಸತಿಗೂ ಬಿಟ್ಟ ದತ್ತಿಯನ್ನು ಅದು ಸಾರುತ್ತದೆ. ಒತ್ತು ಮಾತ್ರ ಇರುವೆಡೆ ಕಲ್ಲಿಗೆ ಸಾವಿರ ವರ್ಷವು ದೊಡ್ಡದಲ್ಲ. ಒಳ್ಳೆಯ ಗಟ್ಟಿಗಲ್ಲಿನ ಕಂಬವು ತನ್ನ ಭಾರಕ್ಕೇ ತಾನು ಪುಡಿಯಾಗಬೇಕಾದರೆ ಅದರ ಎತ್ತರವು ಕಿಲೋಮೀಟರುಗಟ್ಟಲೆ ಇರಬೇಕಾಗುವುದು. ಅಷ್ಟೆತ್ತರದ ಗೋಪುರವನ್ನು ಕಟ್ಟಿದವರಿಲ್ಲ.

ಗೆಲಿಲಿಯೋವಿನ ಪುಸ್ತಕ ಅಚ್ಚಾದ ಕಾಲದಲ್ಲಿ ವಿಜಾಪುರದಲ್ಲಿ ಮಹಮ್ಮದ್ ಆದಿಲ್‌ಶಹನು ರಾಜ್ಯವಾಳುತ್ತಿದ್ದನು. ಆತನ ಆಳ್ವಿಕೆ 1627ರಿಂದ 1656ರ ವರೆಗೆ. ಆತನ ಸಮಾಧಿಯ ಮೇಲೆ ಎದ್ದುನಿಂತ ಗೋಳಗುಮ್ಮಟವನ್ನು ನಾವು ಹೊಸದಾಗಿ ವರ್ಣಿಸಬೇಕಾದುದಿಲ್ಲ. ಒಳಗೆ ಸುಮಾರು 38 ಮೀಟರು ವ್ಯಾಸ. ಗುಮ್ಮಟದ ದಪ್ಪ ಸುಮಾರು ಮೂರು ಮೀಟರು. ಇಟ್ಟಿಗೆ ಮತ್ತು ಸುಣ್ಣದ ಗಾರೆಯ ಕೆಲಸ. ಗುಮ್ಮಟವೆಂಬುದು ಕಲ್ಲು ಇಟ್ಟಿಗೆಗಳ ಸ್ವಭಾವಕ್ಕೆ ಒಪ್ಪಿದ ಆಕಾರವಾದರೂ ಅದರ ಬುಡದಲ್ಲಿ ಒಂದು ಅಪಾಯವಿದೆ: ಮೇಲಿನ ಭಾರವು ಬುಡವನ್ನು ಹೊರಮುಖವಾಗಿ ನೂಕುತ್ತದೆ, ಅಲ್ಲಿ ಸುತ್ತಳತೆಯಲ್ಲಿ ಸೆಳೆತವುಂಟಾಗುತ್ತದೆ. ಇದಕ್ಕೆ ವಿಜಾಪುರದ ಶಿಲ್ಪಿಗಳು ಮಾಡಿದ ಉಪಾಯವನ್ನು ಜೇಮ್ಸ್ ಫರ್ಗ್ಯುಸನ್ ಮೊದಲಾದ ವಾಸ್ತುಚರಿತ್ರಕಾರರು ಬಹಳ ಶ್ಲಾಘಿಸಿದ್ದಾರೆ. ಚೌಕವಾದ ಅಂಕಣದ ಮೇಲೆ ಕಮಾನುಗಳನ್ನು ಒಂದಕ್ಕೊಂದು ಹೆಣೆದು ಒಳಮುಖವಾಗಿ ಚಾಚಿಸಿ, ಆ ಚಾಚಿದ ಭಾರವೇ ಗುಮ್ಮಟದ ಹೊರನೂಕುವಿಕೆಯನ್ನು ಎದುರಿಸುವಂತೆ ಮಾಡಿದ್ದಾರೆ. ಇಟ್ಟಿಗೆಯ ಬಲವೆಷ್ಟೆಂಬ ಲೆಕ್ಕ ಅವರ ಕೈಯಲ್ಲಿದ್ದಿತೋ ಇಲ್ಲವೋ, ಇಟ್ಟಿಗೆಯಿಂದ ಯಾವ ಕೆಲಸವನ್ನು ಕೇಳಬಾರದೆಂಬ ವಿವೇಕ ಮಾತ್ರ ಇದ್ದಿತು. ನಮ್ಮ ಅಭಿಪ್ರಾಯದಲ್ಲಿ ಮೊದಲನೆಯದಕ್ಕಿಂತ ಎರಡನೆಯದೇ ದೊಡ್ಡ ವಿದ್ಯೆ.

ಕಲ್ಲುಕುಟಿಗನಿಗೆ ಇನ್ನೂ ಒಂದು ಸಂಗತಿ ಗೊತ್ತಿದ್ದಿತು. ಮುದ್ದೇಬಿಹಾಳದ ಕಡೆಯ ಬಂಡೆಯಾಗಲಿ, ಹಂಪೆಯ ಬಂಡೆಯಾಗಲಿ, ಅದನ್ನು ಸೀಳಬೇಕಾದರೆ ಆತನು ಸುತ್ತಿಗೆಯಿಂದ ಬಡಿದು ದಣಿಯುವುದಿಲ್ಲ. ಒಂದು ಗೆರೆಯುದ್ದಕ್ಕೂ ಸಾಲಾಗಿ ಕುಳಿಗಳನ್ನು ತೋಡಿ, ಬೆಣೆಗಳನ್ನಿಟ್ಟು, ಸಾಲಿನ ಮೇಲೆ ಒಂದಾದಮೇಲೊಂದಕ್ಕೆ ಹದವಾಗಿ ಏಟುಕೊಡುತ್ತಾನೆ. ಸ್ವಲ್ಪ ಹೊತ್ತಿನಲ್ಲಿ ಬಂಡೆಯು ತಾನಾಗಿಯೇ ಇಬ್ಭಾಗವಾಗುವುದು. ಕುಳಿಗಳ ಗುರುತು ಹೊತ್ತ ಕಲ್ಲುಗಳನ್ನು ಹಂಪೆಯಲ್ಲಿ ಇಂದಿಗೂ ಎಣಿಸಲಾರದಷ್ಟು ಕಾಣಬಹುದು. ತಾಳಿಕೋಟೆಯ ಸುತ್ತಿನ ಸುಣ್ಣಗಲ್ಲನ್ನು ಪದರಪದರವಾಗಿ ಬಿಡಿಸುವಾಗಲೂ ಇದೇ ಜಾಣ್ಮೆ. ಜವಳಿಯಂಗಡಿಯವನು ಅರಿವೆಯನ್ನು ಹರಿಯುವ ಮುನ್ನ ಅಂಚಿಗೆ ಕತ್ತರಿಯಿಂದ ಒಂದು ಕಚ್ಚು ಹಾಕುವುದನ್ನು ಎಲ್ಲರೂ ಕಂಡಿರುವರು. ಕಚ್ಚಿಲ್ಲದೆ ಇಬ್ಬರು ಜಗ್ಗಿದರೂ ಬಗ್ಗದ ಅರಿವೆ ಕಚ್ಚು ಬಿದ್ದೊಡನೆ ಪರ್ರನೆ ಹರಿಯುವುದು. ಅರಿವೆಯ ನೂಲುಗಳ ಬಲ ಕುಂದಿತೇ? ಇಲ್ಲ. ಕೈಯ ಸೆಳೆತವೆಲ್ಲ ಕಚ್ಚಿನ ಮೊನೆಯಲ್ಲಿರುವ ಒಂದೆರಡು ನೂಲುಗಳ ಮೇಲೆ ಬಿತ್ತು, ಅವು ಹರಿದವು, ಆ ಹೊರೆ ಮುಂದಿನ ನೂಲುಗಳಿಗೆ ದಾಟಿತು.

ಕಲ್ಲನ್ನು ಬಿಟ್ಟು ಲೋಹಕ್ಕೆ ಬರೋಣ. ಲೋಹದ ಸೆಳೆತದ ಬಲವನ್ನು ಬಾಯಿಕಟ್ಟಿ ಪರೀಕ್ಷಿಸುವ ಯಂತ್ರವೆಂದರೆ ಫಿರಂಗಿ. ಮದ್ದು ಹೊತ್ತಿಕೊಂಡಾಗ ಕೊಳವೆಯ ಒಳಗಣ ಒತ್ತಡವು ಅದರ ಸುತ್ತನ್ನು ಹಿಗ್ಗಿಸಿ ಸೀಳಲೆಳಸುತ್ತದೆ. ಸ್ಕಾಟ್ಲೆಂಡಿನ ದೊರೆ ಎರಡನೆಯ ಜೇಮ್ಸನು 1460ರಲ್ಲಿ ರಾಕ್ಸ್‌ಬರೋ ಕೋಟೆಯ ಮುತ್ತಿಗೆಯಲ್ಲಿ ತನ್ನ ಪಕ್ಷದ ಫಿರಂಗಿಯೇ ಸಿಡಿದು ಸತ್ತನು. ನಮ್ಮ ಸೀಮೆಗೂ ಫಿರಂಗಿಗೂ ಇರುವ ಸಂಬಂಧವನ್ನು ಕನ್ನಡಿಗರಿಗೆ ಹೇಳಬೇಕಾದುದಿಲ್ಲ: 1565ರ ಜನವರಿಯಲ್ಲಿ ವಿಜಯನಗರದ ಭಾಗ್ಯವನ್ನು ಮುಗಿಸಿದ ಯುದ್ಧವು ಮುದ್ದೇಬಿಹಾಳ ತಾಲ್ಲೂಕಿಗೆ ಸೇರಿದ್ದ ತಾಳಿಕೋಟೆಯ ಹೆಸರನ್ನೇ ಹೊತ್ತಿದೆ. ಆ ದಿನ ಅಹಮ್ಮದನಗರದ ಫಿರಂಗಿಗಳಿಗೆ ತಾಮ್ರದ ನಾಣ್ಯಗಳ ಚೀಲಗಳನ್ನು ತುಂಬಿ ಹಾರಿಸಿದರೆಂದು ಚರಿತ್ರಕಾರ ಫಿರಿಷ್ತನು ಬರೆದಿದ್ದಾನೆ.

ಆ ಅಹಮ್ಮದನಗರದಲ್ಲಿ 1549ರಲ್ಲಿ ಮಹಮ್ಮದ್ ಬಿನ್ ಹಸನ್ ರೂಮಿ ಎಂಬಾತನು ಎರಕಹೊಯ್ದ ಮಲಿಕ್‌-ಎ-ಮೈದಾನ್ ಈಗ ವಿಜಾಪುರದ ಬುರುಜಿನ ಮೇಲಿದೆ. ಸುಮಾರು 55 ಟನ್ ತೂಕ. ಉದ್ದ ನಾಲ್ಕೂವರೆ ಮೀಟರಿಗೆ ತುಸು ಕಡಿಮೆ. ಹೊರವ್ಯಾಸ ಒಂದೂವರೆ ಮೀಟರು. ಬಾಯಿ 70 ಸೆಂಟಿಮೀಟರು. ಆನೆಯನ್ನು ನುಂಗುತ್ತಿರುವ ಸಿಂಹದ ಮುಖವನ್ನು ಅದರ ಬಾಯಿಗೆ ಕಡೆದಿದ್ದಾರೆ. ಅದರ ಲೋಹವು ನಾಲ್ಕು ಪಾಲು ತಾಮ್ರಕ್ಕೆ ಒಂದು ಪಾಲು ತವರ ಸೇರಿದ ಕಂಚು. ಘಂಟೆಗೆ ಹೇಳಿಸಿದ ಲೋಹವೇ ಹೊರತು ಫಿರಂಗಿಗಲ್ಲ. ತವರ ಹೆಚ್ಚಿದಷ್ಟೂ ಕಂಚು ಗಡುಸಾಗುವುದು, ಜೊತೆಗೆ ಪೆಡಸಾಗಿ ಸೀಳುವ ಗುಣವೂ ಹೆಚ್ಚುವುದು. ರೂಮಿಯು ಇದಕ್ಕೆ ಕಂಡ ಪರಿಹಾರ ದಪ್ಪ: ಕೊಳವೆಯ ಗೋಡೆ 40 ಸೆಂಟಿಮೀಟರಿನಷ್ಟಿದೆ. ಆದರೆ ದಪ್ಪಕ್ಕೂ ಒಂದು ಮಿತಿಯಿದೆಯೆಂದು 19ನೆಯ ಶತಮಾನದ ಮೊದಲರ್ಧದಲ್ಲಿ ಫ್ರಾನ್ಸಿನ ಲಾಮೆ ಎಂಬ ಗಣಿತಜ್ಞನು ತೋರಿಸಿಕೊಟ್ಟನು. ಗೋಡೆಯನ್ನು ಎಷ್ಟೇ ದಪ್ಪಮಾಡಿದರೂ ಒಳಮೈಯ ಮೇಲಿನ ಸೆಳೆತವು ಮದ್ದಿನ ಒತ್ತಡಕ್ಕಿಂತ ಕೆಳಗಿಳಿಯುವುದಿಲ್ಲ. ಹೊರಗಿನ ಲೋಹವು ಬಹುಮಟ್ಟಿಗೆ ಸುಮ್ಮನೆ ಕುಳಿತಿರುತ್ತದೆ, ಬೇನೆಯೆಲ್ಲ ಒಳಮೈಯದು.

ಅದೇ ನಗರದ ಉಪಲಿ ಬುರುಜಿನ ಮೇಲೆ ಬೇರೊಂದು ಜಾತಿಯ ಫಿರಂಗಿಯಿದೆ. ಪ್ರೇಕ್ಷಕರು ಮಲಿಕ್‌-ಎ-ಮೈದಾನಿನ ಮುಂದೆ ನಿಂತು ಬೆರಗಾಗಿ, ಇದನ್ನು ಅಷ್ಟಾಗಿ ಲಕ್ಷಿಸುವುದಿಲ್ಲ. ನಮಗೆ ಇದರಲ್ಲಿಯೇ ಹೆಚ್ಚು ಪಾಂಡಿತ್ಯ ಕಾಣುತ್ತದೆ. ಒಂಬತ್ತು ಮೀಟರಿಗೂ ಮಿಗಿಲಾದ ಉದ್ದ, ಎರಕವಲ್ಲ, ಕಬ್ಬಿಣದ ಪಟ್ಟಿಗಳನ್ನು ಉದ್ದಕ್ಕೆ ಜೋಡಿಸಿ, ಅವುಗಳ ಮೇಲೆ ಕಬ್ಬಿಣದ ಬಳೆಗಳನ್ನು ಒತ್ತಾಗಿ ತೊಡಿಸಿ ಬಿಗಿದುದು. ಕಾದ ಬಳೆ ಆರುತ್ತ ಕುಗ್ಗಿ ಒಳಗಿನ ಪಟ್ಟಿಗಳನ್ನು ಒತ್ತಿಹಿಡಿಯುವುದು. ಮದ್ದು ಸಿಡಿದಾಗ ಹೊರಗಿನ ಬಳೆಗಳೂ ಸುಮ್ಮನಿರದೆ ಸೆಳೆತದಲ್ಲಿ ಪಾಲುಗೊಳ್ಳುವುವು. ಇನ್ನೂ ಮುಖ್ಯವಾದ ವಿಷಯವೆಂದರೆ, ಎರಕದ ಕೊಳವೆಯಲ್ಲಿ ಒಂದು ಬಿರುಕು ಹೊರಟರೆ ಅದನ್ನು ತಡೆಯುವವರಿಲ್ಲ. ಒಂದೇ ಮೈಯಾದುದರಿಂದ ಕೊನೆಯ ವರೆಗೂ ಓಡುವುದು. ಬಳೆಯ ಫಿರಂಗಿಯಲ್ಲಿ ಒಂದು ಬಳೆ ಬಿರಿದರೆ ಬಿರುಕು ಆ ಬಳೆಯ ಅಂಚಿನಲ್ಲಿ ನಿಲ್ಲುವುದು. ಪಕ್ಕದ ಬಳೆಗೆ ದಾರಿಯಿಲ್ಲ. ಸಂದುಗಳಲ್ಲಿ ಹೊಗೆ ಸೋರುವುದು, ಬೆಸುಗೆ ಬಿಡುವುದು ಮೊದಲಾದ ದೋಷಗಳು ಇದ್ದರೂ ಈ ಒಂದು ಗುಣ ಅದಕ್ಕುಂಟು. ನಮ್ಮ ಕಮ್ಮಾರರು ಎತ್ತಿನ ಬಂಡಿಯ ಗಾಲಿಗೆ ಹಳಿ ತೊಡಿಸುವುದೂ ಇದೇ ಕ್ರಮದಲ್ಲಿ. ಬೆಂಕಿಯಲ್ಲಿ ಕೆಂಪಗೆ ಕಾಯಿಸಿದ ಹಳಿಯನ್ನು ಮರದ ಗಾಲಿಗೆ ಹಾಕಿ ನೀರು ಹೊಯ್ದರೆ ಅದು ಕುಗ್ಗಿ, ಮರದ ತುಂಡುಗಳ ಸಂದುಗಳನ್ನೆಲ್ಲ ಒಂದುಗೂಡಿಸುವುದು. 1928ರಲ್ಲಿ ಫ್ರಾನ್ಸಿನ ಫ್ರೆಸಿನೆ ಎಂಬ ಎಂಜಿನಿಯರು ಕಾಂಕ್ರೀಟಿನೊಳಗೆ ಉಕ್ಕಿನ ತಂತಿಗಳನ್ನು ಬಿಗಿದು ಮೊದಲೇ ಒತ್ತಿಡುವ ವಿಧಾನಕ್ಕೆ ಸನ್ನದು ಪಡೆದನು. ತತ್ವದಲ್ಲಿ ಅದಕ್ಕೂ ಈ ಹಳಿಗೂ ಹೆಚ್ಚು ಭೇದವಿಲ್ಲ.

ಉಕ್ಕಿನ ಮಾತು ಬಂದುದರಿಂದ ಒಂದು ಮಾತು. ದಕ್ಷಿಣ ದೇಶದಲ್ಲಿ ಮಣ್ಣಿನ ಮೂಸೆಯೊಳಗೆ ಕಬ್ಬಿಣವನ್ನೂ ಸೌದೆಯ ಚೂರು ಎಲೆಗಳನ್ನೂ ಇಟ್ಟು ಮುಚ್ಚಿ ಕರಗಿಸಿ ಮಾಡುತ್ತಿದ್ದ ಉಕ್ಕನ್ನು ಯೂರೋಪಿನವರು ‘ವೂಟ್ಸ್’ ಎಂದು ಕರೆದರು. ಈ ಶಬ್ದವು ನಮ್ಮ ‘ಉಕ್ಕು’ ಎಂಬುದರ ಅಪಭ್ರಂಶವೆಂದು ವಿದ್ವಾಂಸರಲ್ಲಿ ಬಹುಮಂದಿಯ ಮತ. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಜಾರ್ಜ್ ಪಿಯರ್ಸನ್ ಅದನ್ನು ಕುರಿತು ಬರೆದನು. ಮುಂದೆ ಮೈಕೇಲ್ ಫ್ಯಾರಡೆಯೂ ಅದರ ಮೇಲೆ ಪ್ರಯೋಗಗಳನ್ನು ನಡೆಸಿದನು. ಸಾಧಾರಣ ಕುಲುಮೆಯ ಕಬ್ಬಿಣವು ಪೂರ್ತಿ ಕರಗಿರುವುದಿಲ್ಲವಾದ್ದರಿಂದ ಕಿಟ್ಟದ ಎಳೆಗಳು ಅದರೊಳಗೆ ಉಳಿದಿರುತ್ತವೆ. ಮೂಸೆಯಲ್ಲಿ ಪೂರ್ತಿ ಕರಗಿದಾಗ ಕಿಟ್ಟವು ಮೇಲಕ್ಕೆ ತೇಲಿ ಬೇರೆಯಾಗುವುದು. ಕಿಟ್ಟದ ಒಂದೊಂದು ಎಳೆಯೂ ಹುಟ್ಟಿನಿಂದಲೇ ಬಂದ ಒಂದು ಕಚ್ಚೆಂದು ತಿಳಿದರೆ, ಮೂಸೆಯ ಉಕ್ಕಿನ ಹಿರಿಮೆಗೆ ಒಂದು ಕಾರಣ ಹೊಳೆಯುತ್ತದೆ.

ಇಷ್ಟೆಲ್ಲ ಅನುಭವವಿದ್ದರೂ ಬಿರುಕಿನ ಬಲವನ್ನು ಅಳೆಯುವ ಶಾಸ್ತ್ರ ಹುಟ್ಟಿರಲಿಲ್ಲ. ಅದನ್ನು ಹುಟ್ಟಿಸಿದುದು ರೈಲು, ಹಡಗು ಮತ್ತು ವಿಮಾನ. 1884ರ ಸುಮಾರಿನಲ್ಲಿ ಹೋಟಗಿಯಿಂದ ಗದಗಿಗೆ, ಇಂಡಿ ಮತ್ತು ಬಾಗೇವಾಡಿಯ ನೆಲವನ್ನು ಹಾದು, ಆಲಮಟ್ಟಿಯ ಬಳಿ ಕೃಷ್ಣೆಯನ್ನು ದಾಟುವ ರೈಲುದಾರಿ ಬಂದಿತು. ಅಷ್ಟು ಹೊತ್ತಿಗೆ ಯೂರೋಪಿನಲ್ಲಿ ರೈಲಿನ ಅಚ್ಚುಗಳು ಹೊಸದರಲ್ಲಿ ಹೊತ್ತ ಭಾರವನ್ನೇ ಕೆಲವು ವರ್ಷಗಳಾದ ಮೇಲೆ ಹೊರಲಾರದೆ ಫಕ್ಕನೆ ಮುರಿಯುವುದು ಪರಿಚಿತವಾದ ವಿಪತ್ತಾಗಿದ್ದಿತು. ಜರ್ಮನಿಯ ಆಗಸ್ಟ್ ವೋಲರನು 1850-70ರ ಕಾಲದಲ್ಲಿ ಅಚ್ಚುಗಳನ್ನು ಯಂತ್ರಗಳಲ್ಲಿ ಲಕ್ಷಾಂತರ ಸುತ್ತು ತಿರುಗಿಸಿ, ಒಂದೇ ಸಲ ಕೊಟ್ಟರೆ ಏನೂ ಮಾಡದ ಸೆಳೆತವು ಮತ್ತೆ ಮತ್ತೆ ಕೊಟ್ಟರೆ ಉಕ್ಕನ್ನು ಮುರಿಯುವುದೆಂದು ತೋರಿಸಿದನು. ಕಾಣದಷ್ಟು ಸಣ್ಣ ಬಿರುಕು ಒಂದೊಂದು ಸುತ್ತಿಗೂ ಕೂದಲಿನಷ್ಟು ಕೂಡ ಅಲ್ಲದೆ ಮುಂದಕ್ಕೆ ಸರಿಯುತ್ತದೆ. 1913ರಲ್ಲಿ ಕೇಂಬ್ರಿಜಿನ ಇಂಗ್ಲಿಸ್ ಎಂಬಾತನು ಹಡಗಿನ ತಗಡುಗಳಲ್ಲಿರುವ ತೂತುಗಳನ್ನು ಕುರಿತು ಲೆಕ್ಕಮಾಡಿದನು. ದುಂಡಗಿನ ತೂತಿನ ಅಂಚಿನಲ್ಲಿ ಸೆಳೆತವು ಮೂರು ಮಡಿಯಾಗುವುದು. ತೂತು ನೀಳವಾಗಿ, ಅದರ ಮೊನೆ ಚೂಪಾದಷ್ಟೂ ನೂರು ಮಡಿಗೂ ಏರಬಹುದು. ಜವಳಿಯಂಗಡಿಯ ಕತ್ತರಿಯ ಕಚ್ಚಿಗೆ ಆ ದಿನ ಗಣಿತದ ಸೂತ್ರ ದೊರೆಯಿತು.

ಉಳಿದ ಹತ್ತೊಂಬತ್ತೂವರೆ ಚೀಲವನ್ನು ಹುಡುಕಿಕೊಟ್ಟವನು ಇಂಗ್ಲೆಂಡಿನ ಫಾರ್ನ್‌ಬರೋ ವಿಮಾನ ಸಂಶೋಧನಾಲಯದಲ್ಲಿದ್ದ ಅಲನ್ ಆರ್ನಲ್ಡ್ ಗ್ರಿಫಿತ್. ಈತನು ಲೋಹವನ್ನು ಬಿಟ್ಟು ಗಾಜನ್ನು ಹಿಡಿದನು. ಗಾಜು ಬಗ್ಗದೆ ಮುರಿಯುವ ವಸ್ತುವಾದುದರಿಂದ ಲೆಕ್ಕವು ಸರಳ. ಒಂದು ಮಿಲಿಮೀಟರು ದಪ್ಪದ ಗಾಜಿನ ಕಡ್ಡಿಯು ಚದರ ಮಿಲಿಮೀಟರಿಗೆ ಸುಮಾರು 17 ಕಿಲೋಗ್ರಾಂ ಭಾರಕ್ಕೆ ಮುರಿಯಿತು. ಗಾಜನ್ನು ಕರಗಿಸಿ ಎಳೆದು ಎಳೆದು ಸಣ್ಣಗೆ ಮಾಡಿದಂತೆಲ್ಲ ಬಲವು ಏರುತ್ತ ಹೋಯಿತು. ಮಿಲಿಮೀಟರಿನ ಮುನ್ನೂರನೆಯ ಒಂದು ಪಾಲು ದಪ್ಪದ ಎಳೆಯು ಅದೇ ಅಳತೆಯಲ್ಲಿ 340 ಕಿಲೋಗ್ರಾಮಿಗೂ ಹೆಚ್ಚನ್ನು ತಾಳಿತು. ಇನ್ನೂ ಸಣ್ಣದಾದರೆ 1,100ನ್ನು ಮುಟ್ಟಬಹುದೆಂದು ಆತನು ಗಣಿಸಿದನು. ಅದು ಪರಮಾಣುಗಳ ಲೆಕ್ಕಕ್ಕೆ ಬಹಳ ಸಮೀಪ. ಆಗ ತಾನೆ ಎಳೆದ ಕಡ್ಡಿಯು ಬಲವಾಗಿದ್ದು ಕೆಲವು ಗಂಟೆಗಳಲ್ಲಿಯೇ ಕುಂದುವುದನ್ನೂ ಕಂಡನು. ಬಲವು ಎಲ್ಲಿಗೂ ಹೋಗಿರಲಿಲ್ಲ. ಕಣ್ಣಿಗೆ ಕಾಣದ ಬಿರುಕುಗಳು ಅದನ್ನು ಕೆಲಸಕ್ಕೆ ಬಾರದಂತೆ ಮಾಡಿದ್ದವು. ಸಣ್ಣ ಎಳೆಯಲ್ಲಿ ದೊಡ್ಡ ಬಿರುಕಿಗೆ ಎಡೆಯೇ ಇಲ್ಲ. ಬಿರುಕು ಬೆಳೆಯಬೇಕಾದರೆ ಎರಡು ಹೊಸ ಮೈಗಳು ಹುಟ್ಟಬೇಕು, ಅದಕ್ಕೆ ಶಕ್ತಿ ಬೇಕು. ಸೆಳೆತದಿಂದ ಬಿಡುಗಡೆಯಾಗುವ ಶಕ್ತಿಯು ಅದಕ್ಕೆ ಸಾಕಾಗುವಷ್ಟು ಬಿರುಕು ಉದ್ದವಾದರೆ ಮುಂದೆ ತಾನಾಗಿಯೇ ಓಡುವುದು, ಸಾಲದಿದ್ದರೆ ನಿಂತಲ್ಲಿಯೇ ನಿಲ್ಲುವುದು. ಈ ತತ್ವವನ್ನು ಆತನು 1920ರಲ್ಲಿ ರಾಯಲ್ ಸೊಸೈಟಿಗೆ ಒಪ್ಪಿಸಿದನು, 1921ರಲ್ಲಿ ಅಚ್ಚಾಯಿತು. ಎಂಜಿನಿಯರುಗಳು ಅದರ ಬೆಲೆಯನ್ನು ಅರಿಯಲು ಮತ್ತೂ ಇಪ್ಪತ್ತೈದು ವರ್ಷಗಳು ಹಿಡಿದುವು.

ಲೋಹಗಳ ಕಥೆ ಸ್ವಲ್ಪ ಬೇರೆ, ಅದನ್ನು ಬೇಗ ಹೇಳಿ ಮುಗಿಸುತ್ತೇವೆ. ಲೋಹವು ಸೀಳುವುದಕ್ಕೆ ಮುಂಚೆ ಜಾರಿ ಬಗ್ಗುತ್ತದೆ. ರಷ್ಯದ ಫ್ರೆಂಕೆಲನು 1926ರಲ್ಲಿ ಹಾಕಿದ ಲೆಕ್ಕದಂತೆ ಪರಮಾಣುಗಳ ಒಂದು ಪದರವು ಇನ್ನೊಂದರ ಮೇಲೆ ಜಾರಲು ಅಪಾರವಾದ ಬಲ ಬೇಕು. ವಾಸ್ತವದಲ್ಲಿ ಅಲ್ಪಬಲವೇ ಸಾಕಾಗುತ್ತದೆ. 1934ರಲ್ಲಿ ಒರೋವಾನ್, ಪೊಲಾನಿ, ಟೇಲರ್ ಮೂವರೂ ಬೇರೆಬೇರೆಯಾಗಿ ಒಂದೇ ಉತ್ತರವನ್ನು ಕೊಟ್ಟರು. ಇಡೀ ಮನೆಯಗಲದ ಜಮಖಾನೆಯನ್ನು ಒಮ್ಮೆಗೇ ಎಳೆಯುವುದು ಕಷ್ಟ. ಒಂದು ತುದಿಯಲ್ಲಿ ಸುಕ್ಕನ್ನು ಎಬ್ಬಿಸಿ ಅದನ್ನು ಇನ್ನೊಂದು ತುದಿಗೆ ತಳ್ಳಿಕೊಂಡು ಹೋದರೆ ಜಮಖಾನೆಯು ಸುಲಭವಾಗಿ ಸರಿಯುವುದು. ಲೋಹದ ಹರಳಿನಲ್ಲಿ ಪರಮಾಣುಗಳ ಸಾಲು ತಪ್ಪಿದ ಇಂತಹ ಸುಕ್ಕುಗಳಿವೆ. ಸುಕ್ಕಿಲ್ಲದ ಕಬ್ಬಿಣವಿದ್ದರೆ? 1956ರಲ್ಲಿ ಅಮೆರಿಕದ ಬ್ರೆನ್ನರನು ಕೂದಲಿಗಿಂತ ಸಣ್ಣದಾದ ಕಬ್ಬಿಣದ ಹರಳಿನ ಎಳೆಯನ್ನು ಬೆಳೆಯಿಸಿ ಎಳೆದು ನೋಡಲು, ಅದು ಚದರ ಮಿಲಿಮೀಟರಿಗೆ 1,300 ಕಿಲೋಗ್ರಾಮಿಗೂ ಮಿಗಿಲಾಗಿ ತಾಳಿತು. ಹದಿಮೂರು ಚೀಲ ಜೋಳ! 2008ರಲ್ಲಿ ಅಮೆರಿಕದ ಕೊಲಂಬಿಯ ವಿಶ್ವವಿದ್ಯಾನಿಲಯದವರು ಇಂಗಾಲದ ಒಂದೇ ಪರಮಾಣುವಿನಷ್ಟು ದಪ್ಪದ ಗ್ರಫೀನ್ ಹಾಳೆಯನ್ನು ಪರೀಕ್ಷಿಸಿ, ಅದೇ ಅಳತೆಗೆ ಸುಮಾರು 13,000 ಕಿಲೋಗ್ರಾಂ ಕಂಡರು. ಲೆಕ್ಕವೂ ಪ್ರಯೋಗವೂ ಕೊನೆಗೆ ಒಂದೆಡೆ ಸೇರಿದುವು. ಸೇರಿದುದು ಮಾತ್ರ ಕಣ್ಣಿಗೆ ಕಾಣದ ಗಾತ್ರದಲ್ಲಿ. ಮನೆಯನ್ನೂ ಅಣೆಕಟ್ಟನ್ನೂ ಆ ಗಾತ್ರದಲ್ಲಿ ಕಟ್ಟಲಾಗದು. ದೊಡ್ಡದು ಮಾಡಿದೊಡನೆ ದೋಷವೂ ಜೊತೆಗೆ ಬರುತ್ತದೆ.

ಇದೆಲ್ಲ ಪ್ರಯೋಗಶಾಲೆಯ ಮಾತು, ಇಂಡಿ ಸಿಂದಗಿಯವರಿಗೆ ಇದರಿಂದೇನು ಎಂದು ಶ್ರೋತೃಗಳು ಕೇಳಬಹುದು. 1993ರ ಸೆಪ್ಟೆಂಬರ್ 30ರಂದು ಬೆಳಗಿನ ನಾಲ್ಕು ಗಂಟೆಗೆ ಮುಂಚೆ, ಇಂಡಿಯಿಂದ ನೂರು ಕಿಲೋಮೀಟರಿಗೆ ತುಸು ದೂರದಲ್ಲಿ, ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿತು. ಕಂಪನದ ಪ್ರಮಾಣ ಸುಮಾರು 6.2, ಜಗತ್ತಿನ ಭೂಕಂಪಗಳಲ್ಲಿ ಅದೇನೂ ಅತಿ ದೊಡ್ಡದಲ್ಲ. ಸತ್ತವರು ಸಾವಿರಾರು ಮಂದಿ, ಬಹುಪಾಲು ನಿದ್ರೆಯಲ್ಲಿಯೇ. ಅವರನ್ನು ಕೊಂದುದು ಅವರ ಮನೆಗಳು. ದಪ್ಪ ಗೋಡೆ, ಮೇಲೆ ತೊಲೆ ಜಂತಿಗಳು, ಅವುಗಳ ಮೇಲೆ ಮಣ್ಣಿನ ಮಾಳಿಗೆ. ನಮ್ಮ ನಾಲ್ಕು ತಾಲ್ಲೂಕುಗಳ ಹಳೆಯ ಮನೆಗಳೂ ಇದೇ ಜಾತಿಯವು. ಬೇಸಗೆಯ ಧಗೆಗೆ ಅವುಗಳಷ್ಟು ತಂಪಾದ ಮನೆ ಬೇರಿಲ್ಲ. ಆ ಗೋಡೆಯ ಒಂದೊಂದು ಕಲ್ಲೂ ಒಂದು ಆನೆಯ ಭಾರವನ್ನು ಹೊರಬಲ್ಲುದು. ಆದರೆ ಗೋಡೆಗೆ ಎರಡು ಮೈ: ಹೊರಗಿನದೊಂದು ಸಾಲು, ಒಳಗಿನದೊಂದು ಸಾಲು, ನಡುವೆ ಮಣ್ಣು ಮತ್ತು ಚೂರುಗಲ್ಲು. ಎರಡನ್ನೂ ಕಟ್ಟಿಹಿಡಿಯುವ ಉದ್ದನೆಯ ಅಡ್ಡಗಲ್ಲುಗಳು ಇಲ್ಲದಿದ್ದಲ್ಲಿ ನೆಲ ಅಲುಗಿದೊಡನೆ ಎರಡು ಮೈಗಳೂ ಬೇರೆಬೇರೆಯಾಗಿ ಉಬ್ಬಿ ಬಿದ್ದುವು. ಮೇಲಿನ ಮಣ್ಣಿನ ರಾಶಿ ಒಳಗಿದ್ದವರ ಮೇಲೆ ಇಳಿಯಿತು. ಕಲ್ಲಿಗೆ ಬಲವಿದ್ದಿತು, ಗೋಡೆಗೆ ಕಟ್ಟಿದಂದಿನಿಂದ ಉದ್ದಕ್ಕೂ ಒಂದು ಬಿರುಕಿದ್ದಿತು. ಆ ಮೇಲೆ ಎಂಜಿನಿಯರುಗಳು ಹೇಳಿದ ಪರಿಹಾರಗಳಲ್ಲಿ ಮುಖ್ಯವಾದುವು ಎರಡು: ಗೋಡೆಯ ಆಚೆಯಿಂದ ಈಚೆಗೆ ಹಾಯುವ ಅಡ್ಡಗಲ್ಲುಗಳು, ಬಾಗಿಲ ಮಟ್ಟದಲ್ಲಿ ಮನೆಯ ಸುತ್ತ ಒಂದು ಕಾಂಕ್ರೀಟಿನ ಪಟ್ಟಿ. ಗಾಲಿಗೆ ಹಳಿಯಂತೆ ಮನೆಗೆ ಪಟ್ಟಿ. ಇದಕ್ಕಾಗುವ ಖರ್ಚು ಸ್ವಲ್ಪ. ಹಳೆಯ ಮನೆಗಳನ್ನು ರಿಪೇರಿಮಾಡುವಾಗಲೂ ಇದನ್ನು ಮಾಡಿಸಬಹುದು. ನಮ್ಮ ಹಳ್ಳಿಗಳಲ್ಲಿ ಮಾಡಿಸಿದವರು ಬಹಳ ಮಂದಿಯಿಲ್ಲವೆಂದು ತೋರುತ್ತದೆ.

ಬಾಗೇವಾಡಿಯ ನೆಲದಲ್ಲಿಯೇ, ಆಲಮಟ್ಟಿಯಲ್ಲಿ, 1964ರ ಮೇ 22ರಂದು ಲಾಲ್ ಬಹಾದುರ್ ಶಾಸ್ತ್ರಿಗಳು ಅಡಿಗಲ್ಲನ್ನಿಟ್ಟ ಅಣೆಕಟ್ಟು ಇಂದು ಕೃಷ್ಣೆಯನ್ನು ತಡೆದು ನಿಂತಿದೆ. ಅದಕ್ಕೆ 26 ಬಾಗಿಲುಗಳು. ತನ್ನ ಭಾರದಿಂದಲೇ ನಿಲ್ಲುವ ಇಂತಹ ಕಟ್ಟೆಯ ನೀರಿನ ಕಡೆಯ ಮೈಯಲ್ಲಿ ಸೆಳೆತ ಹುಟ್ಟಕೂಡದೆಂಬ ನಿಯಮಕ್ಕೆ ಜಗತ್ತು ಬೆಲೆ ತೆತ್ತಿದೆ. 1895ರಲ್ಲಿ ಫ್ರಾನ್ಸಿನ ಬೂಜೆ ಅಣೆಕಟ್ಟು ಒಡೆದು ಎಂಬತ್ತಕ್ಕೂ ಹೆಚ್ಚು ಮಂದಿ ಸತ್ತಮೇಲೆ ಎಂಜಿನಿಯರುಗಳು ಅದನ್ನು ಬಿಗಿಯಾಗಿ ಹಿಡಿದರು. ಕಟ್ಟೆಯ ವಿಷಯ ಹೀಗೆ. ಬಾಗಿಲುಗಳು ಉಕ್ಕಿನವು, ಅವುಗಳಿಗೆ ಸೆಳೆತದಿಂದ ಬಿಡುಗಡೆಯಿಲ್ಲ. ಕೃಷ್ಣೆಯನ್ನು ಕೆಳಗೆ ಸೇರುವ ತುಂಗಭದ್ರೆಯ ಮೇಲೆ, ಹೊಸಪೇಟೆಯ ಬಳಿ, 1953ರಿಂದ ನಿಂತಿರುವ ಅಣೆಕಟ್ಟಿನ 33 ಬಾಗಿಲುಗಳಲ್ಲಿ 19ನೆಯದರ ಸರಪಣಿಯು 2024ರ ಆಗಸ್ಟ್ 10ರ ರಾತ್ರಿ ತುಂಡಾಯಿತು. ಬಾಗಿಲು ಕೊಚ್ಚಿಹೋಯಿತು; ತುಂಬಿದ ಜಲಾಶಯದ ನೀರು ದಿನಗಟ್ಟಲೆ ಹರಿದುಹೋಯಿತು. ಆ ನೀರನ್ನೇ ನಂಬಿ ಎರಡು ಮೂರು ರಾಜ್ಯಗಳ ರೈತರು ಭತ್ತದ ಸಸಿಯನ್ನು ಹಾಕಿದ್ದರು. ಒಂದು ವಾರದಲ್ಲಿ ತಾತ್ಕಾಲಿಕವಾದ ಉಕ್ಕಿನ ತಡೆಯನ್ನು ಹರಿಯುವ ನೀರಿನಲ್ಲಿಯೇ ಇಳಿಸಿ ನಿಲ್ಲಿಸಿದರು. ಸರಪಣಿಯ ಬಲವು ಅದರ ಒಟ್ಟು ಉಕ್ಕಿನ ಬಲವಲ್ಲ, ಅದರಲ್ಲಿ ಅತ್ಯಂತ ದುರ್ಬಲವಾದ ಕೊಂಡಿಯ ಬಲ. ಸರಪಣಿ ಉದ್ದವಾದಷ್ಟೂ ಅಂತಹ ಕೊಂಡಿ ಇರುವ ಸಂಭವ ಹೆಚ್ಚು. ಈ ಸಂಭವಕ್ಕೂ ಈಗ ಗಣಿತವುಂಟು; ಸ್ವೀಡನ್ನಿನ ವೈಬುಲನು 1939ರಲ್ಲಿ ಅದನ್ನು ರೂಪಿಸಿದನು.

ಎಂಜಿನಿಯರುಗಳು ಒಂದು ಉಕ್ಕಿನ ಕಂಬಿಯು ಎಷ್ಟು ತಾಳುವುದೋ ಅದರ ಅರ್ಧದಷ್ಟನ್ನೋ ಮೂರನೆಯ ಒಂದು ಪಾಲನ್ನೋ ಮಾತ್ರ ಅದರ ಮೇಲೆ ಹೊರಿಸುತ್ತಾರೆ. ಇದಕ್ಕೆ ಸುರಕ್ಷತೆಯ ಗುಣಕವೆಂದು ಹೆಸರು. ಅವರೇ ತಮ್ಮೊಳಗೆ ಅಜ್ಞಾನದ ಗುಣಕವೆಂದು ಪರಿಹಾಸ ಮಾಡಿಕೊಳ್ಳುವುದುಂಟು. ಬಿರುಕನ್ನು ಮೊದಲೇ ಹುಡುಕಲು ಇಂದು ಕ್ಷ-ಕಿರಣಗಳೂ ಕಿವಿಗೆ ಕೇಳದ ಧ್ವನಿತರಂಗಗಳೂ ಇವೆ. ಧ್ವನಿತರಂಗವು ಉಕ್ಕಿನೊಳಗೆ ಹೋಗಿ ಬಿರುಕಿನ ಮೈಗೆ ತಾಗಿ ಹಿಂತಿರುಗಿದರೆ ದೋಷವಿರುವ ಜಾಗ ತಿಳಿಯುವುದು. ಸಿಂದಗಿಯ ಸಂತೆಯಲ್ಲಿ ಗಡಿಗೆ ಕೊಳ್ಳುವ ಹೆಂಗಸರು ಅದನ್ನು ಎಡಗೈಯಲ್ಲಿ ಎತ್ತಿಹಿಡಿದು, ಬಲಗೈಯ ಬೆರಳಿನ ಗೆಣ್ಣಿನಿಂದ ಸುತ್ತಲೂ ಬಡಿದು ಕಿವಿಗೊಡುವುದೂ ಇದೇ ಪರೀಕ್ಷೆ. ಟಣ್ಣೆಂದರೆ ಕೊಳ್ಳುವರು, ಬೊದ್ದೆಂದರೆ, ಕುಂಬಾರನು ಎಷ್ಟು ಆಣೆಯಿಟ್ಟರೂ, ಕೆಳಗಿಡುವರು. ವಿಜಾಪುರದ ಬುರುಜಿನ ಮೇಲಿರುವ ಮಲಿಕ್‌-ಎ-ಮೈದಾನನ್ನು ಒಂದು ಸಣ್ಣ ಕಲ್ಲಿನಿಂದ ಮೆಲ್ಲನೆ ತಟ್ಟಿದವರು, ಅಷ್ಟು ದೊಡ್ಡ ಕಂಚಿನ ರಾಶಿಯು ಘಂಟೆಯಂತೆ ಇನ್ನೂ ನಾದಗೊಡುವುದನ್ನು ಕೇಳಿರುವರು.